ಸುತ್ತ ಅಷ್ಟು ಜನ ಇದ್ದೂ ಮಿಸ್ ಬ್ರಿಲ್ ಒಂಟಿ ಹೇಗೆ?

ಪ್ರಶ್ನೆ: ಕ್ಯಾಥರೀನ್ ಮ್ಯಾನ್ಸ್‌ಫೀಲ್ಡ್ ಅವರ ‘ಮಿಸ್ ಬ್ರಿಲ್’ ಕಥೆಯನ್ನು ಪರಕೀಯತೆಗೆ ಉದಾಹರಣೆಯಾಗಿ ಪಾಠ ಮಾಡುತ್ತಾರೆ. ಆದರೆ ಅವಳು ಪಾರ್ಕಿನಲ್ಲಿ ಜನರ ನಡುವೆ ಖುಷಿಯಾಗಿಯೇ ಕೂತಿರುತ್ತಾಳಲ್ಲ? ಕೊನೆಗೆ ಯಾರೋ ಹುಡುಗ ಏನೋ ಅಂದಿದ್ದಕ್ಕೆ ಇಡೀ ಕಥೆ ಒಂಟಿತನದ್ದು ಅನ್ನಬಹುದೇ?

ಉತ್ತರ: ಬೆಂಚಿನ ಇನ್ನೊಂದು ಕೊನೆಯಲ್ಲಿ ಕೂತ ಹುಡುಗ ‘ಇವಳು ಇಲ್ಲಿಗೆ ಯಾಕಾದರೂ ಬರುತ್ತಾಳೋ, ಯಾರಿಗೆ ಬೇಕು ಇವಳು?’ ಎನ್ನುತ್ತಾನಲ್ಲ, ಆ ಮಾತನ್ನು ಪೂರ್ತಿ ಕಿತ್ತುಹಾಕಿ ಓದಿದರೂ ಇದು ಒಂಟಿತನದ ಕಥೆಯೇ. ಪೆನ್ಸಿಲ್ ಹಿಡಿದು ಕೂತು, ಮಿಸ್ ಬ್ರಿಲ್ ಜೊತೆ ಯಾರು ಯಾರು ಮಾತಾಡುತ್ತಾರೆ ಅಂತ ಗುರುತು ಹಾಕುತ್ತಾ ಹೋಗಿ. ಕೊನೆಯವರೆಗೂ ಒಂದು ಗುರುತೂ ಬೀಳುವುದಿಲ್ಲ. ಹುಡುಗ ಆಡುವುದೂ ಅವಳ ಬಗ್ಗೆ, ಅವಳ ಹತ್ತಿರ ಅಲ್ಲ. ನಡುವೆ ಒಬ್ಬ ಮುದುಕ ‘ನೀನು ನಟಿಯಾ?’ ಎಂದು ಕೇಳುವ ಹಾಗಿದೆಯಲ್ಲ, ಅದು ಅವಳ ಕಲ್ಪನೆ. ವಾರಕ್ಕೆ ನಾಲ್ಕು ಮಧ್ಯಾಹ್ನ ಅವಳು ಪೇಪರ್ ಓದಿ ಹೇಳುವ ರೋಗಿ ಆ ಮುದುಕ, ನಿಜದಲ್ಲಿ ಅವಳು ಓದುವಾಗ ನಿದ್ದೆ ಮಾಡುತ್ತಿರುತ್ತಾನೆ. ಇನ್ನು ಅವಳು ಮುದ್ದು ಮಾಡಿ ಕರೆಯುವುದು ಯಾರನ್ನು? ಪೆಟ್ಟಿಗೆಯಿಂದ ತೆಗೆದು, ನುಸಿಗೆ ಹಾಕಿದ್ದ ಪುಡಿ ಕೊಡವಿ, ಕೊರಳಿಗೆ ಸುತ್ತಿಕೊಂಡ ತುಪ್ಪಳವನ್ನು. ಮೂತಿ, ಕಣ್ಣು ಎಲ್ಲ ಇರುವ ತುಪ್ಪಳ ಅದು.

ಇಷ್ಟು ಹೊರಗಿನ ಒಂಟಿತನ: ಫ್ರಾನ್ಸಿನ ಊರು, ಇಂಗ್ಲಿಷ್ ಪಾಠ ಹೇಳಿ ಬದುಕುವ ಹೆಂಗಸು, ಕತ್ತಲೆಯ ಪುಟ್ಟ ಕೋಣೆ. ಪರಕೀಯತೆ ಇರುವುದು ಇನ್ನೊಂದು ಪದರದಲ್ಲಿ. ಅಲ್ಲಿ ಅವಳು ದೂರವಾಗಿರುವುದು ಜನರಿಂದಲ್ಲ, ತನ್ನಿಂದಲೇ.

ಇದಕ್ಕೆ ಸಾಕ್ಷಿ ಬೇಕಾದರೆ ‘ಬೀರು’ ಎಲ್ಲೆಲ್ಲಿ ಬರುತ್ತದೆ ನೋಡಿ. ಭಾನುವಾರ ಭಾನುವಾರ ಅದೇ ಬೆಂಚುಗಳಲ್ಲಿ ಬಂದು ಕೂರುವ ಮೌನಿ ಮುದುಕರನ್ನು ಕಂಡು, ಇವರೆಲ್ಲ ಕತ್ತಲೆ ಕೋಣೆಗಳಿಂದ, ಬೀರುಗಳಿಂದ ಎದ್ದುಬಂದವರಂತಿದ್ದಾರೆ ಎಂದುಕೊಳ್ಳುತ್ತಾಳೆ. ತಾನೂ ಪ್ರತಿ ಭಾನುವಾರ ಅದೇ ಹೊತ್ತಿಗೆ ಬಂದು ಕೂರುವವಳು ಎಂಬುದು ಅವಳಿಗೆ ಹೊಳೆಯುವುದಿಲ್ಲ. ಕಥೆಯ ಕೊನೆಗೆ ಅವಳ ಕೋಣೆಯೇ ಬೀರುವಿನಂತಿದೆ ಎಂಬ ಮಾತು ಬರುತ್ತದೆ. ಕಥೆಯ ಕೀಲು ಇದು. ಹುಡುಗನ ಮಾತು ಹೊಸದಾಗಿ ಏನನ್ನೂ ತರುವುದಿಲ್ಲ, ಆಗಲೇ ಇದ್ದದ್ದನ್ನು ಅವಳ ಕಣ್ಣಿಗೆ ಬೀಳಿಸುತ್ತದೆ, ಅಷ್ಟೇ. ಮಾಸಿದ ತುಪ್ಪಳದ ಟೋಪಿ ಹಾಕಿಕೊಂಡ ಹೆಂಗಸೊಬ್ಬಳ ಮುಖಕ್ಕೆ ಗಂಡಸೊಬ್ಬ ಸಿಗರೇಟಿನ ಹೊಗೆ ಬಿಟ್ಟು ಹೊರಟುಹೋಗುವ ದೃಶ್ಯವೂ ಇಂಥದ್ದೇ. ಮಿಸ್ ಬ್ರಿಲ್ ತನ್ನ ಪಾಡನ್ನೇ ನೋಡುತ್ತಾ, ಇನ್ನೊಬ್ಬಳಿಗಾಗಿ ಮರುಗುತ್ತಾಳೆ.

ಹುಡುಗ ಮಾತಾಡುವವರೆಗೆ ಇದೆಲ್ಲ ನಮಗೆ ಕಾಣುತ್ತದೆ, ಅವಳಿಗೆ ಕಾಣುವುದಿಲ್ಲ. ಹೇಗೆ ಸಾಧ್ಯವಾಯಿತು? ನಿರೂಪಣೆ ‘ಅವಳು’ ಎಂದೇ ಸಾಗಿದರೂ, ಉದ್ಗಾರಗಳು, ಅನುಮಾನಗಳು, ಸಣ್ಣಪುಟ್ಟ ಸಡಗರ ಎಲ್ಲ ಅವಳವೇ. ಲೇಖಕಿ ಎಲ್ಲೂ ಮೂಗು ತೂರಿಸಿ ‘ಪಾಪ’ ಅನ್ನುವುದಿಲ್ಲ. ಪ್ರತಿ ವಾಕ್ಯದ ಉದ್ದ, ನಾದ ಎರಡನ್ನೂ ಆ ದಿನದ ಮಿಸ್ ಬ್ರಿಲ್‌ಗೆ ಹೊಂದುವಂತೆ ಆರಿಸಿದೆ ಎಂದು ಮ್ಯಾನ್ಸ್‌ಫೀಲ್ಡ್ 1921ರ ಪತ್ರವೊಂದರಲ್ಲಿ ಬರೆದಿದ್ದಾರೆ. ಗಟ್ಟಿಯಾಗಿ ಓದಿದರೆ ಇದು ಕಿವಿಗೇ ತಿಳಿಯುತ್ತದೆ. ಪಾರ್ಕಿನ ಭಾಗದಲ್ಲಿ ವಾಕ್ಯಗಳು ಕುಣಿಯುತ್ತವೆ. ಮನೆಗೆ ಮರಳುವಾಗ ಉದ್ಗಾರವೆಲ್ಲ ಉಡುಗಿ, ಬರೀ ಕೆಲಸಗಳು ಉಳಿಯುತ್ತವೆ. ಬೇಕರಿ ದಾಟಿದಳು, ಮೆಟ್ಟಿಲು ಹತ್ತಿದಳು, ಕೂತಳು.

ಬೇಕರಿ ಸಣ್ಣ ವಿಷಯ ಅಂತ ಬಿಡಬೇಡಿ. ಪ್ರತಿ ಭಾನುವಾರ ಅಲ್ಲಿ ಒಂದು ತುಂಡು ಜೇನಿನ ಕೇಕು ಕೊಳ್ಳುವುದು ರೂಢಿ. ಒಮ್ಮೊಮ್ಮೆ ಅದರಲ್ಲಿ ಬಾದಾಮಿ ಸಿಕ್ಕರೆ ಅವತ್ತು ಹಬ್ಬ. ಅವಳ ಬದುಕಿನ ಸುಖ ಎಷ್ಟೆಂಬುದಕ್ಕೆ ಇದೇ ಅಳತೆ. ಅವತ್ತು ಅದೂ ಬೇಡವಾಗುತ್ತದೆ.

ಕಥೆ ಮೊದಲು ಅಚ್ಚಾದದ್ದು 1920ರಲ್ಲಿ, ‘ಅಥೀನಿಯಂ’ ಪತ್ರಿಕೆಯಲ್ಲಿ. ಹೇಳಿಕೊಳ್ಳುವಂಥ ಘಟನೆಯಿಲ್ಲ, ಒಂದು ಮಧ್ಯಾಹ್ನ ಮುಗಿಯುವುದರೊಳಗೆ ಕಥೆ ಮುಗಿಯುತ್ತದೆ. ನಮ್ಮ ನವ್ಯ (ಕಳೆದ ಶತಮಾನದ ನಡುವಿನ ಆಧುನಿಕ ಕನ್ನಡ ಸಾಹಿತ್ಯದ) ವಿಮರ್ಶೆಯಲ್ಲಿ ‘ಪರಕೀಯತೆ’, ‘ಅನಾಥಪ್ರಜ್ಞೆ’ಗಳನ್ನು ಸಿಕ್ಕಸಿಕ್ಕ ಕಥೆಗೆಲ್ಲ ಮುದ್ರೆ ಒತ್ತಿದಂತೆ ಒತ್ತಿದ್ದೂ ಉಂಟು. ಪರೀಕ್ಷೆಯ ಉತ್ತರಗಳಲ್ಲೂ ಹೆಚ್ಚಾಗಿ ಆಗುವುದು ಇದೇ: ಮುದ್ರೆ ಇರುತ್ತದೆ, ಸಾಕ್ಷಿ ಇರುವುದಿಲ್ಲ.

ಇನ್ನೊಂದು ತಪ್ಪು, ಕೊನೆಯ ವಾಕ್ಯವನ್ನು ಬಿಡಿಸಿ ಹೇಳುವುದು. ತುಪ್ಪಳವನ್ನು ನೋಡದೆಯೇ ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದಾಗ ಏನೋ ಅಳುವುದು ಕೇಳಿದಂತಾಯಿತು ಎಂದಿದೆ. ‘ಮಿಸ್ ಬ್ರಿಲ್ ಅತ್ತಳು’ ಎಂದು ಬರೆದರೆ ಕಥೆ ಕಷ್ಟಪಟ್ಟು ಕಟ್ಟಿದ್ದನ್ನು ಕೆಡವಿದಂತೆ. ಅಳು ತನ್ನದು ಎಂದು ಅವಳಿಗೆ ಗೊತ್ತಾಗದಿರುವುದನ್ನೇ ಉತ್ತರದಲ್ಲಿ ಬರೆಯಬೇಕು.