ಹರಿಯದ ರೆಟಿನಾ ಏಳುವುದೇಕೆ? ಕೋರಾಯ್ಡ್ ಹೆಮಾಂಜಿಯೋಮಾ ಟಿಪ್ಪಣಿ

ಕಣ್ಣಿನೊಳಗೆ ಬೆಳಕು ಹಿಡಿಯುವ ಪರದೆ ರೆಟಿನಾ. ಅದರ ಹಿಂದೆ ರಕ್ತನಾಳ ತುಂಬಿದ ಪದರ ಕೋರಾಯ್ಡ್. ಅಲ್ಲಿ ಆಗುವ ರಕ್ತನಾಳಗಳ ಗಂಟೇ ಹೆಮಾಂಜಿಯೋಮಾ. ಕ್ಯಾನ್ಸರ್ ಅಲ್ಲ, ಬೇರೆ ಅಂಗಕ್ಕೆ ಹಬ್ಬುವುದಿಲ್ಲ. ಒಂದು ಬಗೆ ಕಿತ್ತಳೆ ಬಣ್ಣದ ಒಂಟಿ ದಿಬ್ಬ. ಇನ್ನೊಂದು ಕೋರಾಯ್ಡ್ ತುಂಬಾ ಹರಡುವಂಥದ್ದು, ಸ್ಟರ್ಜ್-ವೆಬರ್ (ಮುಖದ ಮೇಲೆ ಕೆಂಪು ಮಚ್ಚೆ ಇರುವ ಹುಟ್ಟುಕಾಯಿಲೆ) ಇರುವವರಲ್ಲಿ ಕಾಣುತ್ತದೆ.

ದೃಷ್ಟಿ ಮಂಜಾಗುವುದು ಹೆಚ್ಚಾಗಿ ಗಂಟಿನಿಂದ ಒಸರುವ ನೀರಿನಿಂದ. ನನಗೆ ಜಾಸ್ತಿ ಹೊತ್ತು ಹಿಡಿದದ್ದು ಇಲ್ಲೇ. ರೆಟಿನಾದಲ್ಲಿ ತೂತಿಲ್ಲ, ಮತ್ತೆ ಅದರಡಿಗೆ ನೀರು ಎಲ್ಲಿಂದ? ಕೆಳಗಿನಿಂದಲೇ. ಶಿರಸಿ ಕಡೆ ಜೋರು ಮಳೆಗಾಲದಲ್ಲಿ ಮಾಡು ಸೋರದಿದ್ದರೂ ಗುಡ್ಡದ ಬುಡದ ಮನೆಯ ನೆಲದಲ್ಲಿ ಒರತೆ ಏಳುತ್ತದೆ ಅಲ್ವಾ, ಹಾಗೆ.

ರೆಟಿನಾ ಮತ್ತು ಕೋರಾಯ್ಡ್ ನಡುವೆ ಆರ್‌ಪಿಇ ಎಂಬ ಒಂದೇ ಸಾಲಿನ ಜೀವಕೋಶಗಳಿವೆ. ಕೋರಾಯ್ಡ್‌ನ ನೀರು ಒಳಗೆ ಬರದಂತೆ ಅವು ತಡೆಯುತ್ತವೆ. ಬಂದದ್ದನ್ನು ಪಂಪ್ ಮಾಡಿ ಹೊರಗೆ ಕಳಿಸುತ್ತವೆ. ಗಂಟು ಬೆಳೆದಾಗ ಒಸರುವುದು ಜಾಸ್ತಿಯಾಗುತ್ತದೆ, ಅದರ ಮೇಲಿನ ಆರ್‌ಪಿಇ ಸೋಲುತ್ತದೆ. ಉಳಿದ ನೀರು ರೆಟಿನಾವನ್ನು ಮೇಲೆತ್ತುತ್ತದೆ. ಇದೇ ಎಕ್ಸುಡೇಟಿವ್ ಡಿಟ್ಯಾಚ್‌ಮೆಂಟ್.

ನೀರು ಜಾಸ್ತಿ ಇದ್ದರೆ ಜಾಗ ಬದಲಿಸುತ್ತದೆ. ಕೂತಾಗ ಕೆಳಭಾಗಕ್ಕೆ ಇಳಿಯುತ್ತದೆ, ಅಂಗಾತ ಮಲಗಿದರೆ ಹಿಂದೆ ಮ್ಯಾಕ್ಯುಲಾ (ರೆಟಿನಾದ ನಡುವಿನ, ಸ್ಪಷ್ಟ ನೋಟದ ಜಾಗ) ಕಡೆ ಸರಿಯುತ್ತದೆ. ಎದ್ದ ರೆಟಿನಾ ನುಣುಪಾಗಿ ಉಬ್ಬಿರುತ್ತದೆ. ತೂತಾಗಿ ಎದ್ದದ್ದು ಸುಕ್ಕುಗಟ್ಟಿರುತ್ತದೆ, ಹೀಗೆ ಸರಿದಾಡುವುದಿಲ್ಲ. ಅದಕ್ಕೇ ರೋಗಿಯನ್ನು ಕೂರಿಸಿಯೂ ಮಲಗಿಸಿಯೂ ನೋಡಬೇಕು.

ಮ್ಯಾಕ್ಯುಲಾ ಮುಂದಕ್ಕೆ ತಳ್ಳಲ್ಪಟ್ಟರೆ ಪ್ಲಸ್ ಪವರ್ ಏರುತ್ತದೆ. ದೊಡ್ಡವರಲ್ಲಿ ಒಂದೇ ಕಣ್ಣಿಗೆ ಹೀಗಾಗುತ್ತಿದ್ದರೆ ಸುಮ್ನೆ ಕನ್ನಡಕ ಬದಲಿಸಿ ಕಳಿಸಬೇಡಿ, ಪಾಪೆ ಹಿಗ್ಗಿಸಿ ಒಳಗೆ ನೋಡಿ.

ಮೆಲನೋಮಾ, ಅಂದರೆ ಕ್ಯಾನ್ಸರ್ ಗಂಟಿನ ಅನುಮಾನವಿದ್ದರೆ ಎ-ಸ್ಕ್ಯಾನ್ ಎಂಬ ಅಲ್ಟ್ರಾಸೌಂಡ್: ಹೆಮಾಂಜಿಯೋಮಾದ ಒಳಗಿನ ಪ್ರತಿಧ್ವನಿ ಎತ್ತರ, ಮೆಲನೋಮಾದ್ದು ತಗ್ಗು ಅಥವಾ ಮಧ್ಯಮ. ರಕ್ತನಾಳಕ್ಕೆ ಕೊಟ್ಟು ಫೋಟೋ ತೆಗೆಯುವ ಐಸಿಜಿ (ಇಂಡೋಸಯನೈನ್ ಗ್ರೀನ್) ಬಣ್ಣ ಹೆಮಾಂಜಿಯೋಮಾ ಗಂಟಿನಲ್ಲಿ ಬೇಗ ತುಂಬಿ, ಕೊನೆಗೆ ತೊಳೆದುಹೋಗುತ್ತದೆ.

ನೀರೂ ಇಲ್ಲ, ತೊಂದರೆಯೂ ಇಲ್ಲ ಎಂದರೆ ಆಗಾಗ ಪರೀಕ್ಷೆ ಸಾಕು. ಒಂಟಿ ದಿಬ್ಬದಿಂದ ನೀರು ಬಂದಿದ್ದರೆ ಪಿಡಿಟಿ (ಫೋಟೋಡೈನಾಮಿಕ್ ಥೆರಪಿ, ಬೆಳಕಿನಿಂದ ಔಷಧಿ ಕೆರಳಿಸುವ ಚಿಕಿತ್ಸೆ) ಒಳ್ಳೆಯ ದಾರಿ. ವರ್ಟೆಪೋರ್ಫಿನ್ ಔಷಧಿಯನ್ನು ರಕ್ತನಾಳಕ್ಕೆ ಹಾಕಿ, ಗಂಟಿನ ಮೇಲೆ 689 ನ್ಯಾನೋಮೀಟರ್ ಬೆಳಕು ಬಿಡುತ್ತಾರೆ. ಬೆಳಕು ಬಿಡುವ ಹೊತ್ತು 83 ಸೆಕೆಂಡ್ ಎಂಬ ಅಂಕಿ ಬಾಯಿಪಾಠ ಬೇಡ. ಚದರ ಸೆಂಟಿಮೀಟರ್‌ಗೆ ಬೇಕಾದದ್ದು 50 ಜೂಲ್, ಬೆಳಕಿನ ಬಲ 0.6 ವ್ಯಾಟ್. ಭಾಗಿಸಿದರೆ 83 ಬರುತ್ತದೆ.

ಆಮೇಲೆ 5 ದಿನ ನೇರ ಬಿಸಿಲು ಬೇಡ. ಕಾರವಾರದ ಬೈತಖೋಲ್ ಬಂದರಿನಿಂದ ದೋಣಿಗೆ ಹೋಗುವವರಿಗೆ ಇದನ್ನು ಬಿಡಿಸಿ ಹೇಳಲೇಬೇಕು. ಸನ್‌ಸ್ಕ್ರೀನ್ ಹಚ್ಚಿದರೆ ಆಗದು, ಕಣ್ಣಿಗೆ ಕಾಣುವ ಬೆಳಕೇ ಈ ಔಷಧಿಯನ್ನು ಕೆರಳಿಸುತ್ತದೆ. ಹಾಗಂತ ಕತ್ತಲ ಕೋಣೆಯಲ್ಲೂ ಕೂರಬಾರದು. ಮನೆಯೊಳಗಿನ ಸಾಧಾರಣ ಬೆಳಕಿಗೆ ಚರ್ಮದಲ್ಲಿ ಉಳಿದ ಔಷಧಿ ಮೆಲ್ಲಗೆ ಶಕ್ತಿ ಕಳೆದುಕೊಳ್ಳುತ್ತದೆ.