ಸ್ನ್ಯಾಪ್‌ಶಾಟ್ ಇದೆಯಲ್ಲ, ಮತ್ತೆ ಬ್ಯಾಕಪ್ ಯಾಕೆ?

ಶಿರಸಿ, ಕುಮಟಾ, ಕಾರವಾರ, ಎಲ್ಲಿಗೆ ಹೋದರೂ ಸ್ವಲ್ಪ ದೊಡ್ಡ ಸೊಸೈಟಿ, ಅಡಿಕೆ ವ್ಯಾಪಾರದ ಆಫೀಸು ಅಥವಾ ಆಸ್ಪತ್ರೆಯ ಒಳಕೋಣೆಯಲ್ಲಿ ಈಗ ಒಂದು ಸರ್ವರ್ ಕೂತಿರುತ್ತದೆ. ಪಕ್ಕದಲ್ಲಿ ಯುಪಿಎಸ್, ಮೇಲೆ ಕಳೆದ ಆಯುಧ ಪೂಜೆಯ ಕುಂಕುಮ. ಕುಂಕುಮದ ಬಗ್ಗೆ ನನ್ನ ತಕರಾರೇನೂ ಇಲ್ಲ. "ಬ್ಯಾಕಪ್ ಇದೆಯಾ?" ಎಂದು ಕೇಳಿದಾಗ ಬರುವ ಉತ್ತರದ ಬಗ್ಗೆ ಇದೆ. "ಸ್ನ್ಯಾಪ್‌ಶಾಟ್ ತೆಗೆದಿಟ್ಟಿದ್ದೇವೆ ಮಾರಾಯ್ರೆ, ಏನೂ ಆಗೋದಿಲ್ಲ." ಇದು ಕುಂಕುಮಕ್ಕಿಂತ ದೊಡ್ಡ ನಂಬಿಕೆ.

ಈ ನಂಬಿಕೆ ಹುಟ್ಟುವುದು ಕೊಟೇಶನ್ ಹಾಳೆಯಲ್ಲಿ. ಒಂದು ಸಾಲಿನಲ್ಲಿ ವರ್ಚುವಲೈಸೇಶನ್ ವೇದಿಕೆ, ಅದರ ಕೆಳಗೆ ಬ್ಯಾಕಪ್ ಸಾಫ್ಟ್‌ವೇರ್. ಆಡಳಿತ ಮಂಡಳಿಯ ಸಭೆಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಮೊದಲನೆಯದರಲ್ಲೇ ಸ್ನ್ಯಾಪ್‌ಶಾಟ್ ಬರುತ್ತದಂತಲ್ಲ, ಎರಡನೆಯದು ದಂಡ ಅಲ್ವಾ? ಎರಡನೇ ಸಾಲಿಗೆ ಗೀಟು ಬೀಳುತ್ತದೆ. ಆದರೆ ಇವೆರಡೂ ತದ್ವಿರುದ್ಧ ಕೆಲಸ ಮಾಡುತ್ತವೆ. ವರ್ಚುವಲೈಸೇಶನ್ ಹತ್ತು ಯಂತ್ರಗಳನ್ನು ತಂದು ಒಂದೇ ಪೆಟ್ಟಿಗೆಯೊಳಗೆ ಕೂರಿಸುತ್ತದೆ. ಬ್ಯಾಕಪ್ ಅವುಗಳ ಪ್ರತಿಯನ್ನು ಆ ಪೆಟ್ಟಿಗೆಯಿಂದ ಹೊರಗೆ ಒಯ್ಯುತ್ತದೆ. ಮೊದಲನೆಯದನ್ನು ಜಾಸ್ತಿ ಮಾಡಿದಷ್ಟೂ ಎರಡನೆಯದರ ಅಗತ್ಯವೂ ಜಾಸ್ತಿ. ಮೊದಲು ಡಿಸ್ಕ್ ಕೆಟ್ಟರೆ ಲೆಕ್ಕಪತ್ರ ಮಾತ್ರ ನಿಲ್ಲುತ್ತಿತ್ತು. ಈಗ ಲೆಕ್ಕಪತ್ರ, ತೂಕದ ಬಿಲ್ಲು, ಹಾಜರಿ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ.

ಒಂದು ಯಂತ್ರದೊಳಗೆ ಹಲವು ಯಂತ್ರ ಓಡಿಸುವ ಐಡಿಯಾ ಹೊಸದೇನಲ್ಲ. ಅಮೆರಿಕದ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಕೇಂದ್ರದವರು 1960ರ ದಶಕದಲ್ಲೇ ಸಿಪಿ-40 ಎಂಬ ವ್ಯವಸ್ಥೆ ಕಟ್ಟಿದ್ದರು. ಪ್ರತಿಯೊಬ್ಬ ಬಳಕೆದಾರನಿಗೂ ಇಡೀ ಕಂಪ್ಯೂಟರ್ ತನ್ನದೇ ಎಂದು ಕಾಣುವ ಹಾಗೆ. 1972ರಲ್ಲಿ ಐಬಿಎಂ ಅದರ ಮುಂದುವರಿದ ರೂಪವನ್ನು ವಿಎಂ/370 ಹೆಸರಿನಲ್ಲಿ ಗ್ರಾಹಕರಿಗೆ ಕೊಟ್ಟಿತು. ವಿಎಂ ಎಂದರೆ ವರ್ಚುವಲ್ ಮಷಿನ್, ಯಂತ್ರದೊಳಗಿನ ಯಂತ್ರ. ನಮ್ಮ ಮೇಜಿನ ಮೇಲಿನ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಮಾತ್ರ ಇದು ಬಹಳ ವರ್ಷ ಸಾಧ್ಯವಾಗಲಿಲ್ಲ. ಅವುಗಳ ಕೆಲವು ಆದೇಶಗಳಿಗೆ ಒಂದು ಕೆಟ್ಟ ಚಾಳಿ ಇತ್ತು. ಅಧಿಕಾರವಿಲ್ಲದ ಪ್ರೋಗ್ರಾಂ ಒಂದು ಅವನ್ನು ಕೊಟ್ಟರೆ ತಪ್ಪು ಎಂದು ಕೂಗುತ್ತಿರಲಿಲ್ಲ, ಸುಮ್ನೆ ಬೇರೇನೋ ಮಾಡಿ ಮುಂದೆ ಹೋಗುತ್ತಿದ್ದವು. ಒಳಗಿನ ಯಂತ್ರಗಳನ್ನೆಲ್ಲ ಓಡಿಸಿ ಮೇಲ್ವಿಚಾರಣೆ ಮಾಡುವ ಹೈಪರ್‌ವೈಸರ್ ಎಂಬ ತಂತ್ರಾಂಶಕ್ಕೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. 1998ರಲ್ಲಿ ಶುರುವಾದ ವಿಎಂವೇರ್ ಕಂಪನಿ ಇಂಥ ಆದೇಶಗಳನ್ನು ಓಡುವ ಹೊತ್ತಿನಲ್ಲೇ ಹುಡುಕಿ ಬದಲಾಯಿಸುವ ಉಪಾಯ ಕಂಡುಕೊಂಡಿತು. 2005ರಿಂದ ಪ್ರೊಸೆಸರ್‌ನೊಳಗೇ ಸೌಲಭ್ಯ ಬಂತು. ಆಮೇಲೆ ದಾರಿ ಸಲೀಸು. ಕೆವಿಎಂ ಎಂಬ ಹೈಪರ್‌ವೈಸರ್ 2007ರಲ್ಲಿ ಲಿನಕ್ಸ್‌ನ ಭಾಗವಾಯಿತು, ಮೈಕ್ರೋಸಾಫ್ಟ್‌ನ ಹೈಪರ್-ವಿ 2008ರಲ್ಲಿ ಬಂತು.

ಈಗ ಸ್ನ್ಯಾಪ್‌ಶಾಟ್. ಹೆಸರು ಕೇಳಿದರೆ ಇಡೀ ಯಂತ್ರದ ಒಂದು ನಕಲು ಎಂದು ಅನಿಸುತ್ತದೆ. ಗುಂಡಿ ಒತ್ತಿದರೆ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. 500 ಜಿಬಿಯ ಡಿಸ್ಕನ್ನು ಐದು ಸೆಕೆಂಡಿನಲ್ಲಿ ನಕಲು ಮಾಡುವ ಯಂತ್ರ ಸೊಸೈಟಿಯ ಬಜೆಟ್ಟಿನಲ್ಲಿ ಎಲ್ಲಿ ಬರುತ್ತದೆ? ಅಲ್ಲೇ ಸಂಶಯ ಬರಬೇಕಿತ್ತು.

ನಡೆಯುವುದು ಇಷ್ಟು. ಸೊಸೈಟಿಯ ಹಳೆಯ ಲೆಡ್ಜರ್ ಪುಸ್ತಕ ನೆನೆಸಿಕೊಳ್ಳಿ, ಒಬ್ಬ ಸದಸ್ಯನಿಗೆ ಒಂದು ಪುಟ. ಸ್ನ್ಯಾಪ್‌ಶಾಟ್ ಎಂದರೆ, ಇವತ್ತಿನಿಂದ ಈ ಪುಸ್ತಕಕ್ಕೆ ಯಾರೂ ಪೆನ್ನು ತಾಗಿಸಬಾರದು ಎಂಬ ಅಪ್ಪಣೆ. ಪಕ್ಕದಲ್ಲಿ ಒಂದು ಖಾಲಿ ನೋಟ್‌ಬುಕ್ ಇಡುತ್ತಾರೆ. 212ನೇ ಸದಸ್ಯ ಬಂದು ಹಣ ಕಟ್ಟಿದ. ಅವನ ಪುಟ ಹೊಸ ನೋಟ್‌ಬುಕ್‌ನಲ್ಲಿ ಬರೆದಾಯಿತು. ನಾಳೆ ಅವನ ಬಾಕಿ ನೋಡಬೇಕಾದರೆ ಮೊದಲು ನೋಟ್‌ಬುಕ್ ತೆರೆಯುವುದು, ಅದರಲ್ಲಿ ಪುಟ ಇದ್ದರೆ ಸರಿ, ಇಲ್ಲದಿದ್ದರೆ ಹಳೆಯ ಪುಸ್ತಕಕ್ಕೆ ಹೋಗುವುದು. ಇನ್ನೊಂದು ಸ್ನ್ಯಾಪ್‌ಶಾಟ್ ತೆಗೆದರೆ ಈ ನೋಟ್‌ಬುಕ್‌ಗೂ ಬೀಗ, ಮೂರನೆಯದು ಶುರು. ಹುಡುಕಾಟ ಈಗ ಮೂರು ಕಡೆ. ಹಿಂದಿನ ಸ್ಥಿತಿಗೆ ಮರಳಬೇಕೇ? ನೋಟ್‌ಬುಕ್ ಎಸೆದರಾಯಿತು. ಹಳೆಯ ಪುಸ್ತಕವನ್ನೇ ಗೆದ್ದಲು ತಿಂದರೆ? ನಿಮ್ಮ ಕೈಯಲ್ಲಿ ಉಳಿಯುವುದು ಹದಿನಾಲ್ಕು ಪುಟದ ನೋಟ್‌ಬುಕ್, ಮಿಕ್ಕ ಸದಸ್ಯರಿಗೆ ಕೈಮುಗಿಯಬೇಕು.

"ಸ್ನ್ಯಾಪ್‌ಶಾಟ್ ಡಿಲೀಟ್" ಎಂಬ ಗುಂಡಿಯ ಬಗ್ಗೆಯೂ ಇದೇ ತಪ್ಪು ತಿಳಿವಳಿಕೆ. ಒತ್ತಿದರೆ ಏನೂ ಅಳಿಸಿಹೋಗುವುದಿಲ್ಲ. ನೋಟ್‌ಬುಕ್‌ನ ಪುಟಗಳನ್ನೆಲ್ಲ ಹಳೆಯ ಪುಸ್ತಕಕ್ಕೆ ತಿದ್ದಿ ಬರೆಯುವ ಕೆಲಸ ಶುರುವಾಗುತ್ತದೆ. ಆರು ತಿಂಗಳು ಮರೆತುಬಿಟ್ಟ ಸ್ನ್ಯಾಪ್‌ಶಾಟನ್ನು ಮಧ್ಯಾಹ್ನ ಕೌಂಟರ್ ತುಂಬಿರುವಾಗ ಡಿಲೀಟ್ ಮಾಡಿ ನೋಡಿ, ಸರ್ವರ್ ಸಂಜೆಯವರೆಗೂ ಏದುಸಿರು ಬಿಡುತ್ತದೆ.

ನಂಬಿಕೆ ಬಾರದಿದ್ದರೆ ವಿಎಂವೇರ್ ಸರ್ವರ್‌ನ ಫೋಲ್ಡರ್ ತೆರೆದು ನೋಡಬಹುದು. ಲೆಡ್ಜರ್.ವಿಎಂಡಿಕೆ ಎಂಬ ದೊಡ್ಡ ಫೈಲು ಇರುತ್ತದೆ. ಅದರ ಪಕ್ಕದಲ್ಲೇ, ಅದೇ ಫೋಲ್ಡರ್‌ನಲ್ಲಿ, ಅದೇ ಡಿಸ್ಕ್‌ನಲ್ಲಿ, ಲೆಡ್ಜರ್-000001.ವಿಎಂಡಿಕೆ ಎಂಬ ಚಿಕ್ಕ ಫೈಲು. ಅದೇ ನೋಟ್‌ಬುಕ್. ಒಂದು ಸ್ನ್ಯಾಪ್‌ಶಾಟನ್ನು 72 ಗಂಟೆಗಿಂತ ಜಾಸ್ತಿ ಇಡಬೇಡಿ, ಒಂದರ ಹಿಂದೆ ಒಂದು 32ರವರೆಗೆ ಹೋಗಬಹುದಾದರೂ ಎರಡು ಮೂರಕ್ಕೆ ನಿಲ್ಲಿಸಿ ಎಂದು ಅದನ್ನು ತಯಾರಿಸಿದವರೇ ಹೇಳುತ್ತಾರೆ. ಬ್ಯಾಕಪ್ ಆಗಿದ್ದರೆ ಮೂರು ದಿನಕ್ಕೆ ಅಳಿಸಿ ಎನ್ನುತ್ತಿದ್ದರಾ?

ಹಾಗಂತ ಸ್ನ್ಯಾಪ್‌ಶಾಟ್ ಕೆಲಸಕ್ಕೆ ಬಾರದ್ದು ಎಂದಲ್ಲ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡುವ ಮೊದಲು ಒಂದು ತೆಗೆದಿಟ್ಟರೆ ಅಷ್ಟು ಧೈರ್ಯ. ಅದಕ್ಕಿಂತ ಚೆಂದದ ಉಪಯೋಗ ಬ್ಯಾಕಪ್ ಸಾಫ್ಟ್‌ವೇರ್‌ನದು. ರಾತ್ರಿ ಅದು ಬಂದು ಒಂದು ಸ್ನ್ಯಾಪ್‌ಶಾಟ್ ತೆಗೆಯುತ್ತದೆ. ಬೀಗ ಬಿದ್ದ ಡಿಸ್ಕ್ ಅಲ್ಲಾಡುವುದಿಲ್ಲವಲ್ಲ, ನಿಧಾನಕ್ಕೆ ಓದಿ ಬೇರೆ ಯಂತ್ರಕ್ಕೆ ಸಾಗಿಸುತ್ತದೆ. ಮುಗಿದ ಮೇಲೆ ಸ್ನ್ಯಾಪ್‌ಶಾಟ್ ತೆಗೆದುಹಾಕುತ್ತದೆ. ಪ್ರತಿ ರಾತ್ರಿ 500 ಜಿಬಿ ಓದುವುದೂ ಬೇಡ. ನಿನ್ನೆಯಿಂದ ಯಾವ ಯಾವ ತುಣುಕು ಬದಲಾಗಿದೆ ಎಂಬ ಪಟ್ಟಿಯನ್ನು ಹೈಪರ್‌ವೈಸರ್ ತಾನೇ ಇಟ್ಟುಕೊಂಡಿರುತ್ತದೆ. ವಿಎಂವೇರ್‌ನಲ್ಲಿ ಇದು 2009ರಲ್ಲಿ ಬಂತು, ಹೈಪರ್-ವಿಯಲ್ಲಿ 2016ರಲ್ಲಿ.

ವೇದಿಕೆಗಳ ನಡುವೆ ಹೋಲಿಕೆ ಮಾಡುವುದಾದರೆ ನಾನು ನೋಡುವುದು ಈ ಪಟ್ಟಿಯನ್ನೇ. ವಿಎಂವೇರ್ ಅದನ್ನು ಡಿಸ್ಕ್‌ನ ಪಕ್ಕ ಒಂದು ಚಿಕ್ಕ ಫೈಲಿನಲ್ಲಿ ಬರೆದಿಡುತ್ತದೆ. ಪ್ರಾಕ್ಸ್‌ಮಾಕ್ಸ್ ಎಂಬ ಇನ್ನೊಂದು ವೇದಿಕೆ ತನ್ನದೇ ಬ್ಯಾಕಪ್ ಸರ್ವರ್‌ಗಾಗಿ ಅದನ್ನು ಇಟ್ಟುಕೊಳ್ಳುವುದು ಓಡುತ್ತಿರುವ ವಿಎಂನ ನೆನಪಿನಲ್ಲಿ (ಮೆಮೊರಿಯಲ್ಲಿ). ವಿಎಂ ಒಮ್ಮೆ ಆಫ್ ಆದರೆ ಪಟ್ಟಿ ಹೋಯಿತು, ಮುಂದಿನ ಬ್ಯಾಕಪ್‌ಗೆ ಇಡೀ ಡಿಸ್ಕ್ ಮತ್ತೆ ಓದಬೇಕು. ಬೆಂಗಳೂರಿನ ಡೇಟಾ ಸೆಂಟರ್‌ನಲ್ಲಿ ಇದು ಗಮನಕ್ಕೇ ಬಾರದ ವಿಷಯ. ಆಷಾಢದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ನಮ್ಮ ಕಡೆ ಹಾಗಲ್ಲ. ಆದರೂ ಪ್ರಾಕ್ಸ್‌ಮಾಕ್ಸ್ ಅಲ್ಲಿ ಪೂರ್ತಿ ಸೋಲುವುದಿಲ್ಲ. ಅದು ಡಿಸ್ಕನ್ನು 4 ಎಂಬಿಯ ತುಣುಕುಗಳಾಗಿ ಕತ್ತರಿಸಿ ಪ್ರತಿಯೊಂದಕ್ಕೂ ಒಂದು ಗುರುತಿನ ಸಂಖ್ಯೆ ಲೆಕ್ಕ ಹಾಕುತ್ತದೆ. ಆ ಸಂಖ್ಯೆಯ ತುಣುಕು ಈಗಾಗಲೇ ಬ್ಯಾಕಪ್ ಸರ್ವರ್‌ನಲ್ಲಿದ್ದರೆ ಕಳಿಸುವುದಿಲ್ಲ. ಓದುವ ಶ್ರಮ ಪೂರ್ತಿ, ಸಾಗಿಸುವ ಶ್ರಮ ಸ್ವಲ್ಪ.

ಪಟ್ಟಿಯೇ ಸುಳ್ಳು ಹೇಳಿದರೆ? ಹಾಗೂ ಆಗಿದೆ. ಡಿಸ್ಕನ್ನು 128 ಜಿಬಿ ದಾಟಿಸಿ ಹಿಗ್ಗಿಸಿದರೆ ವಿಎಂವೇರ್‌ನ ಪಟ್ಟಿ ತಪ್ಪು ತುಣುಕುಗಳನ್ನು ತೋರಿಸುತ್ತದೆ ಎಂಬ ದೋಷ 2014ರಲ್ಲಿ ಬಯಲಾಯಿತು. ಬ್ಯಾಕಪ್ ಸಾಫ್ಟ್‌ವೇರ್‌ಗಳು ಅದನ್ನೇ ನಂಬಿ ಕೆಲಸ ಮುಗಿಸಿ ಹಸಿರು ಟಿಕ್ ಹಾಕುತ್ತಿದ್ದವು. ಒಳಗಿನ ಪ್ರತಿ ಹಾಳಾಗಿರುತ್ತಿತ್ತು. ಹಸಿರು ಟಿಕ್ ಹೇಳುವುದು "ಹೇಳಿದ ಕೆಲಸ ಮಾಡಿದೆ" ಎಂದಷ್ಟೇ.

ಇನ್ನು ದುಡ್ಡಿನ ಮಾತು. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರನ್ನು ಕೊಂಡಿತು. ಮರುತಿಂಗಳೇ ಒಮ್ಮೆ ಕೊಂಡರೆ ಸದಾ ನಮ್ಮದು ಎಂಬ ಲೈಸೆನ್ಸ್ ನಿಂತಿತು. ಈಗ ಚಂದಾ, ಅದೂ ಪ್ರೊಸೆಸರ್‌ನ ಕೋರ್ ಲೆಕ್ಕದಲ್ಲಿ, ಒಂದು ಪ್ರೊಸೆಸರ್‌ಗೆ ಕನಿಷ್ಠ 16 ಕೋರ್. ಎಂಟು ಕೋರ್‌ನ ಯಂತ್ರ ಇಟ್ಟುಕೊಂಡವರೂ ಹದಿನಾರಕ್ಕೆ ಕೊಡಬೇಕು. ವಿಎಂವೇರ್‌ನ ಹೈಪರ್‌ವೈಸರ್ ಆದ ಇಎಸ್‌ಎಕ್ಸ್‌ಐನ ಉಚಿತ ಆವೃತ್ತಿ 2024ರಲ್ಲಿ ನಿಂತು 2025ರ ಏಪ್ರಿಲ್‌ನಲ್ಲಿ ಮತ್ತೆ ಬಂತು. ಅದರಲ್ಲೊಂದು ತೊಡಕು ಇದೆ. ಬ್ಯಾಕಪ್ ಸಾಫ್ಟ್‌ವೇರ್ ಒಳಗೆ ಬರಬೇಕಾದ ಬಾಗಿಲು ಉಚಿತ ಆವೃತ್ತಿಯಲ್ಲಿ ಮುಚ್ಚಿದೆ. ಉಚಿತ ಎಂದು ಹಾಕಿಸಿಕೊಂಡವರು ಸ್ನ್ಯಾಪ್‌ಶಾಟನ್ನೇ ಬ್ಯಾಕಪ್ ಎಂದು ನಂಬುವುದಕ್ಕೆ ಇದೂ ಒಂದು ಕಾರಣ ಇರಬೇಕು.

ಹೈಪರ್-ವಿ ವಿಂಡೋಸ್ ಸರ್ವರ್ ಜೊತೆಗೇ ಬರುತ್ತದೆ. ಸ್ಟ್ಯಾಂಡರ್ಡ್ ಲೈಸೆನ್ಸ್‌ನಲ್ಲಿ ಎರಡು ವಿಂಡೋಸ್ ವಿಎಂ ಓಡಿಸಬಹುದು. ಹೇಗೂ ವಿಂಡೋಸ್ ಸರ್ವರ್ ಕೊಂಡಾಗಿದೆ, ವಿಎಂ ಎರಡೇ ಸಾಕು ಎನ್ನುವವರಿಗೆ ಬೇರೆ ಹುಡುಕಾಟ ಬೇಡ. ಆಸ್ಟ್ರಿಯಾದವರ ಪ್ರಾಕ್ಸ್‌ಮಾಕ್ಸ್ ಮುಕ್ತ ತಂತ್ರಾಂಶ, ಬೇಕಾದರೆ ಮಾತ್ರ ಚಂದಾ. 2020ರಿಂದ ಅದರದೇ ಬ್ಯಾಕಪ್ ಸರ್ವರ್ ಕೂಡ ಇದೆ. ಹೆಸರುವಾಸಿಯಾದ ವೀಮ್ ಬ್ಯಾಕಪ್ ಸಾಫ್ಟ್‌ವೇರ್ ಹತ್ತು ಯಂತ್ರಗಳವರೆಗೆ ಉಚಿತ, 2024ರಿಂದ ಪ್ರಾಕ್ಸ್‌ಮಾಕ್ಸ್‌ಗೂ ಹೊಂದುತ್ತದೆ. ನಮ್ಮ ಕಡೆಯ ಸಣ್ಣ ಆಫೀಸಿಗೆ ನನ್ನ ಸಲಹೆ ಪ್ರಾಕ್ಸ್‌ಮಾಕ್ಸ್ ಅಥವಾ ಹೈಪರ್-ವಿ. ಉಳಿದ ದುಡ್ಡಿನಲ್ಲಿ ಬ್ಯಾಕಪ್‌ಗೆಂದೇ ಇನ್ನೊಂದು ಯಂತ್ರ. ಲಿನಕ್ಸ್ ಗೊತ್ತಿರುವವರು ಊರಲ್ಲಿ ಯಾರೂ ಇಲ್ಲದಿದ್ದರೆ ಹೈಪರ್-ವಿಯೇ ಸರಿ. ಕೆಟ್ಟಾಗ ಹುಬ್ಬಳ್ಳಿಯಿಂದ ಜನ ಬರುವವರೆಗೆ ಕಾಯುವ ಖರ್ಚು ಯಾವ ಕೊಟೇಶನ್‌ನಲ್ಲೂ ಬರೆದಿರುವುದಿಲ್ಲ.

ಆ ಇನ್ನೊಂದು ಯಂತ್ರ ಎಲ್ಲಿರಬೇಕು? ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬ 3-2-1 ಲೆಕ್ಕವನ್ನು ಜನಪ್ರಿಯ ಮಾಡಿದವರು ಪೀಟರ್ ಕ್ರೋಗ್ ಎಂಬ ಅಮೆರಿಕದ ಫೋಟೋಗ್ರಾಫರ್. "ಬೇರೆ ಊರು" ಎನ್ನುವುದನ್ನು ನಮ್ಮವರು ಬೇರೆ ಕೋಣೆ ಎಂದು ಓದುತ್ತಾರೆ. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟಾಗ, ಬ್ಯಾಕಪ್ ಕೂಡ ಅಲ್ಲೇ ಇಟ್ಟಿದ್ದ ಗ್ರಾಹಕರಿಗೆ ಎರಡೂ ಹೋದವು. ಕಾಳಿ, ಗಂಗಾವಳಿ, ಅಘನಾಶಿನಿ ಉಕ್ಕುವುದನ್ನು 2019ರ ಆಗಸ್ಟ್‌ನಲ್ಲಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾರವಾರದ ಪ್ರತಿ ಶಿರಸಿಯಲ್ಲಿ, ಶಿರಸಿಯದ್ದು ಕಾರವಾರದಲ್ಲಿ ಇದ್ದರೆ ನಡುವೆ ಘಟ್ಟವೇ ಇದೆ. ಪೆನ್ ಡ್ರೈವ್ ಹಿಡಿದು ಬಸ್ಸಿನಲ್ಲಿ ತರುತ್ತೇನೆ ಎಂದು ಮಾತ್ರ ಯೋಜನೆ ಹಾಕಬೇಡಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಯಿತು, ಆಗಸ್ಟ್ 7ರಂದು ಕಾಳಿಯ ಹಳೇ ಸೇತುವೆಯೇ ಬಿತ್ತು.

ಇಂಟರ್ನೆಟ್ ಮೂಲಕ ಕಳಿಸುವುದಾದರೆ ಲೆಕ್ಕ ಹಾಕಿ. 20 ಎಂಬಿಪಿಎಸ್ ಅಪ್‌ಲೋಡ್ ವೇಗದಲ್ಲಿ 500 ಜಿಬಿ ಕಳಿಸಲು ಸುಮಾರು 55 ಗಂಟೆ ಬೇಕು. ಮೊದಲ ಸಲ ಡಿಸ್ಕನ್ನೇ ಒಯ್ದು ಹಾಕಿ, ಆಮೇಲೆ ಬದಲಾದ 5 ಜಿಬಿ ಮಾತ್ರ ಕಳಿಸಿದರೆ ರಾತ್ರಿಗೆ ಅರ್ಧ ಗಂಟೆ ಸಾಕು. ವಾಪಸ್ ತರುವಾಗ ಮಾತ್ರ ಪೂರ್ತಿ ತರಬೇಕು. 100 ಎಂಬಿಪಿಎಸ್ ಇದ್ದರೂ 11 ಗಂಟೆ. ಅಷ್ಟು ಹೊತ್ತು ಕೌಂಟರ್ ಮುಚ್ಚಬಹುದೇ ಎಂಬುದನ್ನು ಆಡಳಿತ ಮಂಡಳಿ ತೀರ್ಮಾನಿಸಬೇಕು, ಕಂಪ್ಯೂಟರ್‌ನವರಲ್ಲ.

ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್ ವಿಷಯದಲ್ಲಿ ಎರಡೇ ಮಾತು. 2023ರ ಫೆಬ್ರವರಿಯಲ್ಲಿ ಹರಡಿದ ದಾಳಿ ವಿಎಂಗಳ ಒಳಗೆ ಹೋಗಲೇ ಇಲ್ಲ, ನೇರ ಇಎಸ್‌ಎಕ್ಸ್‌ಐಗೆ ನುಗ್ಗಿ ಅಲ್ಲಿದ್ದ ವಿಎಂ ಫೈಲುಗಳಿಗೆ ಬೀಗ ಹಾಕಿತು. ಅದು ಬಳಸಿದ ತೂತಿಗೆ ತೇಪೆ ಎರಡು ವರ್ಷ ಮೊದಲೇ ಬಂದಿತ್ತು. ಹಾಗಾಗಿ ಬ್ಯಾಕಪ್ ಯಂತ್ರಕ್ಕೆ ಬೇರೆಯದೇ ಪಾಸ್‌ವರ್ಡ್ ಇರಲಿ, ಎಲ್ಲ ಯಂತ್ರಗಳ ಲಾಗಿನ್ ಒಂದೇ ಕಡೆಯಿಂದ ನೋಡಿಕೊಳ್ಳುವ ಆಫೀಸಿನ ಡೊಮೇನ್‌ಗೆ ಅದನ್ನು ಸೇರಿಸಬೇಡಿ. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ದಾಳಿಯಾದಾಗ ಮೇರ್ಸ್ಕ್ ಹಡಗು ಕಂಪನಿಯ ಜಗತ್ತಿನಾದ್ಯಂತದ ಡೊಮೇನ್ ಕಂಟ್ರೋಲರ್‌ಗಳೆಲ್ಲ ಅಳಿಸಿಹೋದವು. ಘಾನಾದಲ್ಲಿದ್ದ ಒಂದು ಮಾತ್ರ ಉಳಿಯಿತು, ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿದ್ದರಿಂದ. ಕರೆಂಟ್ ಹೋಗಿದ್ದಕ್ಕೆ ಒಂದು ಕಂಪನಿ ಖುಷಿಪಟ್ಟ ಉದಾಹರಣೆ ಬೇರೆ ಇದೆಯೋ ಇಲ್ಲವೋ.

ಕೊನೆಗೆ ರಿಸ್ಟೋರ್, ಅಂದರೆ ಬ್ಯಾಕಪ್‌ನಿಂದ ವಾಪಸ್ ತರುವುದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ತಪ್ಪಾಗಿ ಮುಖ್ಯ ಡೇಟಾಬೇಸನ್ನೇ ಅಳಿಸಿದರು. ದಿನಾ ನಡೆಯಬೇಕಿದ್ದ ಬ್ಯಾಕಪ್, ಸಾಫ್ಟ್‌ವೇರ್ ಆವೃತ್ತಿ ಹೊಂದದೆ ವಿಫಲವಾಗುತ್ತಿತ್ತು. ವಿಫಲವಾಯಿತು ಎಂಬ ಇಮೇಲ್ ಕೂಡ ತಲುಪುತ್ತಿರಲಿಲ್ಲ. ಅವರನ್ನು ಉಳಿಸಿದ್ದು ಆರು ಗಂಟೆ ಮೊದಲು ಬೇರೆ ಕೆಲಸಕ್ಕೆಂದು ತೆಗೆದಿದ್ದ ಸ್ನ್ಯಾಪ್‌ಶಾಟ್! ಅದನ್ನು ಆಗಲೇ ಇನ್ನೊಂದು ಯಂತ್ರಕ್ಕೆ ನಕಲು ಮಾಡಿದ್ದರು, ಅದಕ್ಕೇ ಉಪಯೋಗಕ್ಕೆ ಬಂತು.

ಪರೀಕ್ಷೆಗೆ ಹಳೆಯ ಡೆಸ್ಕ್‌ಟಾಪ್ ಸಾಕು. ನಿನ್ನೆಯ ಬ್ಯಾಕಪ್‌ನಿಂದ ಲೆಕ್ಕದ ವಿಎಂ ಅದರ ಮೇಲೆ ರಿಸ್ಟೋರ್ ಮಾಡಿ. ಚಾಲೂ ಮಾಡುವ ಮೊದಲು ನೆಟ್‌ವರ್ಕ್ ಕೇಬಲ್ ಕಿತ್ತಿಡಿ. ಇಲ್ಲದಿದ್ದರೆ ಒಂದೇ ಐಪಿ ವಿಳಾಸದ ಎರಡು ಸರ್ವರ್ ಎದ್ದು ಕೂತು ಜಗಳ ಶುರು, ಸದಸ್ಯರಿಗೆ ಎಸ್‌ಎಂಎಸ್ ಎರಡೆರಡು ಸಲ. ಲಾಗಿನ್ ಆಗಿ ಒಬ್ಬ ಸದಸ್ಯನ ಖಾತೆ ತೆಗೆದು ನಿನ್ನೆಯ ಅಖೈರು ಬಾಕಿ ತಾಳೆ ನೋಡಿ. ಶುರು ಮಾಡಿದ್ದು ಎಷ್ಟು ಹೊತ್ತಿಗೆ, ಬಾಕಿ ಕಂಡದ್ದು ಎಷ್ಟು ಹೊತ್ತಿಗೆ ಎಂದು ಬರೆದಿಡಿ. ಮಾರ್ಚ್ ಲೆಕ್ಕ ಮುಗಿದು ಮಳೆ ಹಿಡಿಯುವ ಮೊದಲು ಒಂದು ಭಾನುವಾರ ಇದಕ್ಕೆ ಬಿಡುವು ಮಾಡಿಕೊಂಡರೆ ಒಳ್ಳೆಯದು. ಜೂನ್‌ಗೆ ಹೋದರೆ ಪರೀಕ್ಷೆ ಮುಗಿಯುವವರೆಗೆ ಕರೆಂಟ್ ಇರುವ ಭರವಸೆ ಇಲ್ಲ.