ಗ್ಯಾಸ್ ಪೈಪಿನೊಳಗೆ ಕೇಬಲ್ ತೂರಿಸಿದರೆ

ಫೈಬರ್ ಕೇಬಲ್ ಹಾಕುವ ಕೆಲಸದಲ್ಲಿ ಕೇಬಲ್‌ಗಿಂತ ಮಣ್ಣಿಗೇ ಜಾಸ್ತಿ ಖರ್ಚು. ರಸ್ತೆ ಅಗೆಯಬೇಕು, ಅದಕ್ಕೆ ಅನುಮತಿ ತರಬೇಕು, ಆಮೇಲೆ ಮುಚ್ಚಿ ಮೊದಲಿನಂತೆ ಮಾಡಬೇಕು. ಅದೇ ರಸ್ತೆಯ ಕೆಳಗೆ ಆಗಲೇ ಒಂದು ಗ್ಯಾಸ್ ಪೈಪ್ ಇದ್ದರೆ? ಅದು ಮನೆಮನೆಯ ಬಾಗಿಲಿಗೂ ಹೋಗಿದೆ, ಒಳಗೆ ಗ್ಯಾಸ್ ಬಿಟ್ಟರೆ ಬೇರೇನೂ ಇಲ್ಲ. ಬೆರಳು ದಪ್ಪದ ಕೇಬಲ್ಲನ್ನು ಅದರೊಳಗೇ ತೂರಿಸಿಬಿಟ್ಟರೆ ಆಯ್ತಲ್ಲ!

ಯೋಚನೆ ಹೊಸದೇನಲ್ಲ. 1980ರ ದಶಕದ ಮಧ್ಯದಲ್ಲಿ ಅಮೆರಿಕದ ವಿಲಿಯಮ್ಸ್ ಎಂಬ ಪೈಪ್‌ಲೈನ್ ಕಂಪನಿ ತನ್ನ ಹಳೆಯ ಪೈಪುಗಳೊಳಗೆ ಫೈಬರ್ ಎಳೆದು ದೊಡ್ಡ ಟೆಲಿಕಾಂ ಜಾಲವನ್ನೇ ಕಟ್ಟಿತು. ಆದರೆ ಅವು ಬಳಕೆ ನಿಂತಿದ್ದ ಪೈಪುಗಳು. ಗ್ಯಾಸ್ ಹರಿಯುತ್ತಲೇ ಇರುವ ಪೈಪಿನ ಕಥೆ ಬೇರೆ.

ಕೇಳಿದವರಿಗೆಲ್ಲ ಮೊದಲು ಬರುವ ಭಯ ಬೆಂಕಿಯದು. ನಿಜ ಹೇಳಬೇಕೆಂದರೆ ಅದು ಅಷ್ಟು ದೊಡ್ಡ ತಲೆನೋವಲ್ಲ. ಗ್ಯಾಸಿನ ಬಹುಪಾಲಾಗಿರುವ ಮೀಥೇನ್ ಹತ್ತಿಕೊಳ್ಳಬೇಕಾದರೆ ಗಾಳಿಯಲ್ಲಿ ಅದರ ಪಾಲು ಸುಮಾರು ಶೇ. 5ರಿಂದ 15ರಷ್ಟಿರಬೇಕು, ಪೈಪಿನೊಳಗೆ ಗಾಳಿಯೇ ಇಲ್ಲ. ಕೇಬಲ್ಲಿನ ಗಾಜಿನ ಎಳೆಯಲ್ಲಿ ಓಡುವುದೂ ಬೆಳಕು, ಕರೆಂಟ್ ಅಲ್ಲ. ಹೆದರಬೇಕಾದ್ದು ಕೇಬಲ್ ಒಳಗೆ ಹೋಗುವ, ಹೊರಗೆ ಬರುವ ತೂತುಗಳಿಗೆ.

ಆ ತೂತಿನ ಪಕ್ಕ ನಿಂತು ನೋಡೋಣ. ಅಲ್ಲೊಂದು ಗ್ಲ್ಯಾಂಡ್ ಇರುತ್ತದೆ, ಅಂದರೆ ಕೇಬಲ್ಲನ್ನು ಸುತ್ತಲೂ ರಬ್ಬರಿನಿಂದ ಬಿಗಿಹಿಡಿಯುವ ಲೋಹದ ಕುತ್ತಿಗೆ. ಕೇಬಲ್ 10 ಮಿ.ಮೀ. ದಪ್ಪ ಅಂದುಕೊಳ್ಳಿ. ಬೀದಿಯ ಪೈಪಿನಲ್ಲಿ 4 ಬಾರ್ ಒತ್ತಡ ಇದ್ದರೆ ಗ್ಯಾಸ್ ಅದನ್ನು ಸುಮಾರು 3 ಕೆ.ಜಿ. ಬಲದಿಂದ ಹೊರಕ್ಕೆ ನೂಕುತ್ತಿರುತ್ತದೆ. ಕೈಯಲ್ಲೇ ತಡೆದು ನಿಲ್ಲಿಸಬಹುದು. ಅದೇ ದೂರದೂರಿಗೆ ಗ್ಯಾಸ್ ಸಾಗಿಸುವ ಉಕ್ಕಿನ ಲೈನ್, ಒತ್ತಡ 70 ಬಾರ್ ಅಂದರೆ ಬಲ 55 ಕೆ.ಜಿ. ದಾಟುತ್ತದೆ. ಆ ರಬ್ಬರು ಕೇಬಲ್ಲನ್ನು ಒಳಗೆ ಜಾರಲು ಬಿಡಬೇಕು, ಗ್ಯಾಸನ್ನು ಮಾತ್ರ ಹೊರಗೆ ಬಿಡಬಾರದು. ಕೆಲಸ ಮುಗಿದ ಮೇಲೂ ವರ್ಷಗಟ್ಟಲೆ ಹಾಗೇ ಬಿಗಿಯಾಗಿರಬೇಕು.

ಇನ್ನು ಎಳೆಯುವುದು. ನೆಟ್ಟಗಿರುವ ಪೈಪಿನಲ್ಲಿ ಕಷ್ಟವಿಲ್ಲ. ತಿರುವು ಬಂದಾಗಲೇ ಗೋಳು. ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತಿ ಹಿಡಿದರೆ ಒಬ್ಬನೇ ಎತ್ತನ್ನೂ ನಿಲ್ಲಿಸಬಹುದು ಅಲ್ವಾ, ಇಲ್ಲಿ ಅದೇ ಲೆಕ್ಕ ನಮಗೆ ಉಲ್ಟಾ ಹೊಡೆಯುತ್ತದೆ. ಘರ್ಷಣೆಯ ಗುಣಾಂಕ 0.3 ಇದ್ದರೆ 90 ಡಿಗ್ರಿಯ ಒಂದೊಂದು ತಿರುವಿಗೂ ಎಳೆಯುವ ಬಲ 1.6 ಪಟ್ಟಾಗುತ್ತದೆ. ನಾಲ್ಕು ತಿರುವು ದಾಟುವಷ್ಟರಲ್ಲಿ ಆರೂವರೆ ಪಟ್ಟು! ಅದಕ್ಕೇ ತಿರುವು ಜಾಸ್ತಿ ಇರುವ ಕಡೆ ಮಧ್ಯೆ ಮಧ್ಯೆ ಗುಂಡಿ ತೋಡಿ ಕೇಬಲ್ ಹೊರತೆಗೆದು ಮತ್ತೆ ತೂರಿಸಬೇಕು. ಅಗೆಯೋದು ಬೇಡ ಅಂತ ಶುರು ಮಾಡಿದ ಕೆಲಸ ಇದು, ನೆನಪಿರಲಿ.

ಇಷ್ಟೆಲ್ಲ ಮಾಡಿದರೆ ಕೇಬಲ್ ಹೋಗುತ್ತದೆ, ಸರಿ. ನನಗೆ ನಿಜವಾದ ತೊಡಕು ಅನಿಸುವುದು ಬೇರೆ. ಗ್ಯಾಸ್ ಪೈಪು ಖಾಲಿಯಾಗಿರುತ್ತದೆ ಎಂಬ ನಂಬಿಕೆಯ ಮೇಲೆಯೇ ಗ್ಯಾಸಿನವರ ಅರ್ಧ ಕೆಲಸ ನಿಂತಿದೆ.

ಜೆಸಿಬಿ ತಾಗಿ ಬೀದಿಯ ಪ್ಲಾಸ್ಟಿಕ್ ಪೈಪ್ ಒಡೆಯಿತು ಅಂದುಕೊಳ್ಳಿ. ಕೆಲಸಗಾರ ಸ್ವಲ್ಪ ದೂರದಲ್ಲಿ ಪೈಪಿನ ಮಣ್ಣು ಬಿಡಿಸುತ್ತಾನೆ, ಎರಡು ಉಕ್ಕಿನ ದುಂಡು ಸರಳುಗಳಿರುವ ಕ್ಲ್ಯಾಂಪ್ ಹಾಕಿ ತಿರುಗಿಸುತ್ತಾನೆ. ಪೈಪಿನ ಮೇಲಿನ ಗೋಡೆ ಕೆಳಗಿನ ಗೋಡೆಗೆ ಅಂಟುವಷ್ಟು ಚಪ್ಪಟೆಯಾಗುತ್ತದೆ, ಗ್ಯಾಸ್ ನಿಲ್ಲುತ್ತದೆ. ಒಳಗೆ ಕೇಬಲ್ ಇದ್ದರೆ ಆ ಎರಡು ಗೋಡೆ ಸೇರುವುದೇ ಇಲ್ಲ. ಕೇಬಲ್ಲಿನ ಅಕ್ಕಪಕ್ಕದ ಸಂದಿಯಲ್ಲಿ ಗ್ಯಾಸ್ ಬುಸುಗುಟ್ಟುತ್ತಲೇ ಇರುತ್ತದೆ. ಜೋರಾಗಿ ಒತ್ತಿದರೆ ಇಂಟರ್ನೆಟ್ ಹೋಯ್ತು, ಮೆಲ್ಲಗೆ ಒತ್ತಿದರೆ ಸೋರಿಕೆ ನಿಲ್ಲಲಿಲ್ಲ. ಗುಂಡಿಯಲ್ಲಿ ನಿಂತವನು ಇದರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು, ಹೇಳಿ?

ವಾಲ್ವ್ ಕಥೆಯೂ ಅಷ್ಟೇ. ಕೇಬಲ್ ಅಡ್ಡ ಬಂದರೆ ಅದು ಪೂರ್ತಿ ಮುಚ್ಚುವುದಿಲ್ಲ. ಹಾಗಾಗಿ ಪ್ರತಿ ವಾಲ್ವ್‌ಗೂ ಮೊದಲು ಕೇಬಲ್ ಹೊರಬಂದು, ಸುತ್ತಿಕೊಂಡು, ಆಚೆ ಕಡೆ ಮತ್ತೆ ಒಳಗೆ ಹೋಗಬೇಕು. ಒಂದು ವಾಲ್ವ್‌ಗೆ ಎರಡು ಹೊಸ ತೂತು, ಎರಡು ಹೊಸ ಗ್ಲ್ಯಾಂಡ್. ದೊಡ್ಡ ಲೈನುಗಳಲ್ಲಿ ಪಿಗ್ ಎಂಬ ಯಂತ್ರವನ್ನೂ ಓಡಿಸುತ್ತಾರೆ. ಗೋಡೆಗೆ ಸುತ್ತಲೂ ಒತ್ತಿಕೊಂಡು ಗ್ಯಾಸ್ ತಳ್ಳುವ ಬಲದಿಂದಲೇ ಮುಂದೆ ಸಾಗುತ್ತ ಕೆಲವು ಕೊಳೆ ತೆಗೆಯುತ್ತವೆ, ಇನ್ನು ಕೆಲವು ಅಯಸ್ಕಾಂತದಿಂದ ಉಕ್ಕಿನ ತುಕ್ಕನ್ನು ಅಳೆಯುತ್ತವೆ. ಕೇಬಲ್ ಇದ್ದ ಮೇಲೆ ಪಿಗ್ ಓಡಿಸುವ ಮಾತೇ ಇಲ್ಲ.

ಇನ್ನೊಂದು ಕಣ್ಣಿಗೆ ಕಾಣದ ಸಮಸ್ಯೆ. ಕೇಬಲ್ ಅಂದರೆ ಗಟ್ಟಿ ಕಡ್ಡಿಯಲ್ಲ. ಪ್ಲಾಸ್ಟಿಕ್ ಹೊದಿಕೆ, ಅದರೊಳಗೆ ನಾರು, ಸಣ್ಣ ಕೊಳವೆಗಳು, ಅವುಗಳಲ್ಲಿ ಕೂದಲಿನಂಥ 0.125 ಮಿ.ಮೀ. ಗಾಜಿನ ಎಳೆಗಳು. ಪ್ಲಾಸ್ಟಿಕ್ಕನ್ನು ಮೀಥೇನ್ ನಿಧಾನವಾಗಿ ದಾಟುತ್ತದೆ, ಒಳಗಿನ ಸಂದಿಯಲ್ಲಿ ತೆವಳುತ್ತ ಹೋಗಿ ಕೊನೆಗೆ ಟೆಲಿಕಾಂ ಪೆಟ್ಟಿಗೆಯೊಳಗೆ ತೇಲುತ್ತದೆ. ಅಲ್ಲಿ ಗಾಳಿಯೂ ಇದೆ, ಬ್ಯಾಟರಿ, ಸ್ವಿಚ್ಚುಗಳೂ ಇವೆ. ಆದ್ದರಿಂದ ಹೊರಬರುವ ಜಾಗದಲ್ಲಿ ಹೊದಿಕೆ ಬಿಡಿಸಿ ಒಳಗಿನ ಸಂದಿಗಳಿಗೂ ರಾಳ ತುಂಬಬೇಕು. ಗ್ಲ್ಯಾಂಡ್ ಹೊರಗಿನ ದಾರಿಯನ್ನಷ್ಟೇ ಮುಚ್ಚುತ್ತದೆ.

ಗ್ಯಾಸಿಗೆ ಹೈಡ್ರೋಜನ್ ಬೆರೆಸುವ ಕಡೆ ಗಾಜಿಗೇ ತೊಂದರೆ. ಹೈಡ್ರೋಜನ್ ಅಣು ಗಾಜಿನೊಳಗೂ ನುಸುಳಿ 1240 ನ್ಯಾನೋಮೀಟರ್ ಆಸುಪಾಸಿನ ಬೆಳಕನ್ನು ನುಂಗುತ್ತದೆ, ಅಕ್ಕಪಕ್ಕದ ತರಂಗಾಂತರಗಳ ಬೆಳಕೂ ಮಂಕಾಗುತ್ತದೆ. ಎಳೆಗೆ ಇಂಗಾಲದ ತೆಳು ಲೇಪನ ಕೊಟ್ಟರೆ ತಡೆಯಬಹುದು, ದುಬಾರಿ ಅಷ್ಟೇ.

ಗ್ಯಾಸ್ ಹರಿವಿಗೆ ಅಡ್ಡಿಯಾಗಲ್ವಾ ಅಂತ ಕೇಳಬಹುದು. ಸ್ವಲ್ಪ ಆಗುತ್ತದೆ. 100 ಮಿ.ಮೀ. ಪೈಪಿನಲ್ಲಿ 10 ಮಿ.ಮೀ. ಕೇಬಲ್ ಹಿಡಿಯುವ ಜಾಗ ಶೇ. 1 ಮಾತ್ರ, ಆದರೆ ಗ್ಯಾಸ್ ಉಜ್ಜಿಕೊಂಡು ಹೋಗುವ ಮೈ ಜಾಸ್ತಿಯಾಗುವುದರಿಂದ ಒತ್ತಡದ ನಷ್ಟ ಸ್ಥೂಲ ಲೆಕ್ಕದಲ್ಲಿ ಶೇ. 10ರಷ್ಟು ಏರುತ್ತದೆ.

ಇದಕ್ಕೆಲ್ಲ ಹೋಲಿಸಿದರೆ ಹೊಸ ಪೈಪ್ ಹೂಳುವಾಗಲೇ ಅಗೆದ ಅದೇ ಕಂದಕದಲ್ಲಿ, ಪೈಪಿನ ಹೊರಗೆ, ಕೇಬಲ್ ಮಲಗಿಸುವುದು ಎಷ್ಟೋ ಸುಲಭ. ಅದಕ್ಕೆ ಇನ್ನೊಂದು ಉಪಯೋಗವೂ ಇದೆ. ಎಳೆಯೊಳಗೆ ಬೆಳಕಿನ ಮಿಡಿತ ಬಿಟ್ಟು, ಹಿಂದಕ್ಕೆ ಚದುರಿ ಬರುವ ಚೂರು ಬೆಳಕನ್ನು ಗಮನಿಸುತ್ತಿದ್ದರೆ ಹತ್ತಾರು ಕಿಲೋಮೀಟರ್ ಉದ್ದಕ್ಕೂ ನೆಲ ಅದುರುವುದು ಗೊತ್ತಾಗುತ್ತದೆ. ಎಲ್ಲೋ ಜೆಸಿಬಿ ಅಗೆಯಲು ಶುರು ಮಾಡಿದರೆ ಕಂಟ್ರೋಲ್ ರೂಮಿನ ಪರದೆಯ ಮೇಲೆ ಜಾಗದ ಸಮೇತ ಕಾಣುತ್ತದೆ, ಬಕೆಟ್ ಇನ್ನೂ ಪೈಪಿಗೆ ತಾಗುವ ಮೊದಲೇ.